ಹೆಬ್ಬೆಟ್ಟಿಗೂ ಒಂದು ಬೀಗ

ಶಿರಸಿ ಪೇಟೆಯ ಒಂದು ಝೆರಾಕ್ಸ್ ಅಂಗಡಿ. ಸಂತೆಯ ದಿನ, ಜೊತೆಗೆ ಮಳೆ. ಕೊಡೆ ಮಡಚುತ್ತಾ ಒಳಗೆ ಬಂದ ಹಿರಿಯರೊಬ್ಬರು ಮೊಬೈಲ್ ತೋರಿಸಿ, ‘ಆಧಾರ್ ವಾಟ್ಸ್ಯಾಪ್ ಮಾಡಿದ್ದೇನೆ ನೋಡೋ, ಎರಡು ಕಾಪಿ ತೆಗೆ’ ಅಂದರು. ಅಂಗಡಿ ಹುಡುಗ ಫೈಲ್ ತೆರೆದ. ಪಾಸ್‌ವರ್ಡ್ ಕೇಳಿತು. ‘ಹುಟ್ಟಿದ್ದು ಯಾವ ಇಸವಿ?’ ಅಂದ, ಅಷ್ಟೇ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಹುಟ್ಟಿದ ಇಸವಿ. ಇ-ಆಧಾರ್ ಫೈಲಿನ ಪಾಸ್‌ವರ್ಡ್ ದೇಶಕ್ಕೆಲ್ಲ ಇದೇ. ಪ್ರಿಂಟ್ ಬಂತು, ಅವರು ದುಡ್ಡು ಕೊಟ್ಟು ಹೋದರು. ಫೈಲ್ ಮಾತ್ರ ಕಂಪ್ಯೂಟರಿನಲ್ಲೇ ಉಳಿಯಿತು. ಅದರ ಅಕ್ಕಪಕ್ಕ ಯಾರದ್ದೋ ಪಹಣಿ, ಯಾರದ್ದೋ ಪ್ಯಾನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಒಬ್ಬ ಹುಡುಗಿಯ ಮಾರ್ಕ್ಸ್ ಕಾರ್ಡ್.

ಆ ಹುಡುಗ ಕಳ್ಳನಲ್ಲ. ದಿನವಿಡೀ ಜನರ ಕೆಲಸ ಮಾಡಿಕೊಡುವ ಪಾಪದವನು. ಫೈಲ್ ಅಳಿಸಲು ಅವನಿಗೆ ಪುರುಸೊತ್ತಿಲ್ಲ, ಅಳಿಸು ಅಂತ ಯಾರೂ ಹೇಳಿದ್ದೂ ಇಲ್ಲ. ಗುರುತಿನ ಕಳ್ಳತನ ಅಂದ ಕೂಡಲೇ ನಮಗೆ ನೆನಪಾಗುವುದು ಎಲ್ಲೋ ಕೂತು ‘ಓಟಿಪಿ ಹೇಳಿ ಸರ್’ ಅನ್ನುವ ದನಿ. ಅದೂ ಇದೆ. ಆದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ ಸಿದ್ದಾಪುರದವರೆಗೆ, ನಾವು ನಮ್ಮ ಗುರುತನ್ನು ಕೈಯಾರೆ ಹಂಚುತ್ತಾ ಬಂದಿದ್ದೇವೆ. ಸಿಮ್ ಅಂಗಡಿ, ಸೇವಾ ಕೇಂದ್ರ, ಗೋಕರ್ಣ ಮುರ್ಡೇಶ್ವರದ ಲಾಡ್ಜು, ಗಲ್ಫ್ ಕೆಲಸದ ಏಜೆಂಟ್, ಸಾಲದ ಸಂಘ. ಎಲ್ಲರ ಮೇಜಿನ ಖಾನೆಯಲ್ಲೂ ನಮ್ಮದೊಂದು ಪ್ರತಿ ಬಿದ್ದಿದೆ. ಹೀಗಿರುವಾಗ ‘ಆಧಾರ್ ನಂಬರ್ ಯಾರಿಗೂ ಕೊಡಬೇಡಿ’ ಅನ್ನುವ ಉಪದೇಶ ನನಗೆ ಊಟ ಮುಗಿದ ಮೇಲೆ ಎಲೆ ಹಾಸಿದ ಹಾಗೆ ಕಾಣುತ್ತದೆ. ಕೊಟ್ಟಾಗಿದೆ. ಆ ನಂಬರಿನಿಂದ ಯಾವ ಯಾವ ಬಾಗಿಲು ತೆರೆಯುತ್ತದೆ, ಅದರಲ್ಲಿ ಯಾವುದಕ್ಕೆ ಚಿಲಕ ಹಾಕಲು ಬರುತ್ತದೆ ಅನ್ನುವುದನ್ನು ನೋಡಬೇಕು.

ಇದು ನನ್ನ ತಲೆಗೆ ಹೊಕ್ಕಿದ್ದು ದೊಡ್ಡಾಯಿಯಿಂದ, ಅಂದರೆ ನನ್ನ ದೊಡ್ಡಮ್ಮನಿಂದ. ಶಿರಸಿಯಿಂದ ಒಳಗೆ, ಅಡಿಕೆ ತೋಟದ ನಡುವೆ ಅವಳ ಮನೆ. ಕಳೆದ ಮಳೆಗಾಲದಲ್ಲಿ ಪಾಸ್‌ಬುಕ್ ಪ್ರಿಂಟ್ ಮಾಡಿಸಲು ಬ್ಯಾಂಕಿಗೆ ಹೋದವಳಿಗೆ ಮೂರು ಸಾಲು ಹೊಸದಾಗಿ ಕಂಡಿತು. ಹತ್ತು ಸಾವಿರ, ಮರುದಿನ ಮತ್ತೆ ಹತ್ತು ಸಾವಿರ, ಆಮೇಲೆ ಎರಡೂವರೆ ಸಾವಿರ. ಅವಳು ತೆಗೆದದ್ದಲ್ಲ. ಎಟಿಎಂ ಕಾರ್ಡನ್ನು ಅವಳು ಒಂದು ಸಲವೂ ಬಳಸಿಲ್ಲ, ಅದು ಬಂದ ಲಕೋಟೆಯಲ್ಲೇ ಇದೆ. ಅವಳ ಮೊಬೈಲಿನಲ್ಲಿ ಯುಪಿಐಯೇ ಇಲ್ಲ. ‘ಯಂಗೆ ಎಂತ ಮೆಸೇಜೂ ಬಂಜಿಲ್ಲೆ ತಮಾ’ ಅಂತ ಫೋನಿನಲ್ಲಿ ಅತ್ತಳು. ಹಣ ಹೋಗಿ ಆಗಲೇ ಹನ್ನೊಂದು ದಿನ ಕಳೆದಿತ್ತು.

ಕಾರ್ಡಿಲ್ಲ, ಓಟಿಪಿ ಇಲ್ಲ, ಪಿನ್ ಇಲ್ಲ. ಹಾಗಾದರೆ ಹೋಗಿದ್ದು ಹೇಗೆ?

ಉತ್ತರ ಪಾಸ್‌ಬುಕ್ಕಿನಲ್ಲೇ ಇತ್ತು, ಎಇಪಿಎಸ್ ಅನ್ನುವ ನಾಲ್ಕು ಅಕ್ಷರದಲ್ಲಿ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಹಳ್ಳಿಯ ಕಿರಾಣಿ ಅಂಗಡಿಯವರೋ ಬ್ಯಾಂಕ್ ಮಿತ್ರರೋ ಒಂದು ಸಣ್ಣ ಯಂತ್ರ ಇಟ್ಟುಕೊಂಡಿರುತ್ತಾರೆ. ಆಧಾರ್ ನಂಬರ್ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿದರೆ ನಗದು ಕೈಗೆ ಬರುತ್ತದೆ. ಒಂದು ಸಲಕ್ಕೆ 10,000 ರೂಪಾಯಿಯ ಮಿತಿ. ಬ್ಯಾಂಕ್ ಶಾಖೆಗೆ ಎರಡು ಬಸ್ ಬದಲಿಸಿ ಹೋಗಬೇಕಾದ ಊರುಗಳಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯಲಾರೆ. ಆದರೆ ಇದರಲ್ಲಿ ಬೆರಳೇ ಬೀಗದಕೈ. ಕಾರ್ಡ್ ಕಳೆದರೆ ಹೊಸದು ತರಬಹುದು, ಪಿನ್ ಬದಲಿಸಬಹುದು. ಹೆಬ್ಬೆಟ್ಟನ್ನು ಬದಲಿಸಲು ಬರುವುದಿಲ್ಲ. ಹಾಲಿಗೆ ನೀರು ಬೆರೆತ ಮೇಲೆ ಬೇರೆ ಮಾಡಲಾಗದ ಹಾಗೆ, ಒಮ್ಮೆ ಸೋರಿದ ಬೆರಳಚ್ಚನ್ನು ವಾಪಸು ಪಡೆಯಲಾಗದು.

ಬೆರಳಚ್ಚು ಸೋರುತ್ತದಾ ಅಂದರೆ, ಸೋರಿದ್ದಕ್ಕೆ ದಾಖಲೆಗಳಿವೆ. 2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುತ್ತಿದ್ದ ಒಬ್ಬ, ಜಮೀನು ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ಇಳಿಸಿಕೊಂಡು, ರಬ್ಬರ್ ಸ್ಟ್ಯಾಂಪ್ ಮಾಡುವ ವಿಧಾನದಲ್ಲೇ ನಕಲಿ ಬೆರಳು ತಯಾರಿಸಿ ಸಿಮ್‌ಗಳನ್ನು ಚಾಲೂ ಮಾಡಿದ್ದ. 2023ರಲ್ಲಿ ಅದು ನಮ್ಮ ರಾಜ್ಯಕ್ಕೂ ಬಂತು. ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಗಳಿಂದ ಎಇಪಿಎಸ್ ಮೂಲಕ ಹಣ ಹೋದ ದೂರುಗಳು ಸಾಲಾಗಿ ಬಂದವು. ಬಂಧನಗಳಾದವು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮಾಡುವ ಕೆಲಸ ಶುರುವಾಗಿದ್ದು ಆಮೇಲೆ. ಅದೇ ವರ್ಷ ಆಧಾರ್ ಪ್ರಾಧಿಕಾರವೂ ಯಂತ್ರದ ಮೇಲೆ ಇಟ್ಟಿದ್ದು ಜೀವಂತ ಬೆರಳೋ ಅಚ್ಚೋ ಅಂತ ನೋಡುವ ತಂತ್ರಾಂಶ ತಂದಿತು. ಯಂತ್ರ ಇಟ್ಟುಕೊಂಡವರನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಮೂರು ತಿಂಗಳು ಸುಮ್ಮನಿದ್ದವರನ್ನು ಮತ್ತೆ ಪರಿಶೀಲಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದ್ದು 2025ರ ಜೂನ್‌ನಲ್ಲಿ. ಎಲ್ಲವೂ ಒಳ್ಳೆಯ ಹೆಜ್ಜೆಗಳೇ, ಆದರೆ ಹೊರಟಿದ್ದು ತಡವಾಗಿ.

ದೊಡ್ಡಾಯಿಯ ಬೆರಳಚ್ಚು ಎಲ್ಲಿಂದ ಹೋಯಿತು? ಗೊತ್ತಾಗಲಿಲ್ಲ. ರೇಷನ್ನಿಗೆ, ಸಿಮ್ಮಿಗೆ, ಯಾವುದೋ ಯೋಜನೆಗೆ ಅಂತ ಕೆಲವು ವರ್ಷಗಳಿಂದ ಕೇಳಿದಲ್ಲೆಲ್ಲ ಅವಳು ಥಂಬ್ ಕೊಡುತ್ತಲೇ ಬಂದಿದ್ದಳು. ಯಾರನ್ನು ಅಂತ ದೂರುವುದು? ಈ ಸ್ಥಿತಿಗೆ ಒಂದು ಮದ್ದಿದೆ. ಆದರೆ ಆ ಮದ್ದಿಗೆ ನಮ್ಮ ಕಡೆ ಒಂದು ತಕರಾರೂ ಇದೆ, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಝೆರಾಕ್ಸ್ ವಿಷಯ ಬೇಗ ಮುಗಿಸಿಬಿಡೋಣ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ‘ಆಧಾರ್ ನಕಲು ಪ್ರತಿಯನ್ನು ಯಾರಿಗೂ ಕೊಡಬೇಡಿ, ದುರ್ಬಳಕೆ ಆಗಬಹುದು’ ಅಂತ ಪ್ರಕಟಣೆ ಕೊಟ್ಟಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ, ತಪ್ಪು ಅರ್ಥ ಬರುತ್ತದೆ ಅಂತ ಅದನ್ನು ಹಿಂದಕ್ಕೆ ಪಡೆಯಿತು. ಜನ ಯಾವುದನ್ನು ನಂಬಬೇಕು? ನನ್ನ ಮಟ್ಟಿಗೆ ಮೊದಲ ಪ್ರಕಟಣೆಯೇ ಸರಿ ಇತ್ತು. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ಆಧಾರ್ ನಂಬರಿನ ಬದಲು ಕೊಡಬಹುದಾದ 16 ಅಂಕಿಯ ವಿಐಡಿ ಕೂಡ 2018ರಿಂದ ಇದೆ. ಲಾಡ್ಜಿಗೆ ಡ್ರೈವಿಂಗ್ ಲೈಸೆನ್ಸ್ ಕೊಡಿ. ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಡ್ಡ ‘ಇಂಥ ಕೆಲಸಕ್ಕೆ ಮಾತ್ರ’ ಅಂತ ಬರೆದು ತಾರೀಕು ಹಾಕಿ. ಒಳ್ಳೆ ಝೆರಾಕ್ಸ್ ಹಾಳಾಯಿತು ಅಂತ ಕೌಂಟರಿನವರು ಗೊಣಗಬಹುದು. ಗೊಣಗಲಿ ಬಿಡಿ.

ಇನ್ನು ಯಾರೂ ಜಾಸ್ತಿ ಮಾತಾಡದ ವಿಷಯ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಇರುವುದು ಯಾರ ಮೊಬೈಲ್ ನಂಬರ್?

ದೊಡ್ಡಾಯಿಗೆ ಮೆಸೇಜು ಬರಲಿಲ್ಲ ಅಂದೆನಲ್ಲ. ಬ್ಯಾಂಕಿನವರ ಪ್ರಕಾರ ಮೂರು ಸಲವೂ ಮೆಸೇಜು ಹೋಗಿದೆ. ಹೋಗಿದ್ದು ಅವಳ ಮಗನ ಹಳೆಯ ನಂಬರಿಗೆ. ಖಾತೆ ತೆರೆಯುವಾಗ ಅವಳ ಹತ್ತಿರ ಮೊಬೈಲ್ ಇರಲಿಲ್ಲ, ಬೆಂಗಳೂರಿನಲ್ಲಿದ್ದ ಮಗನ ನಂಬರ್ ಬರೆಸಿದ್ದರು. ಅವನು ಕೆಲಸ ಬದಲಿಸಿದಾಗ ಆ ಸಿಮ್ ಬಿಟ್ಟ. ಬಿಟ್ಟ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಅಂದರೆ ದೊಡ್ಡಾಯಿಯ ಖಾತೆಯ ಸುದ್ದಿ ಈಗ ಯಾವುದೋ ಊರಿನ ಯಾರದ್ದೋ ಜೇಬಿನಲ್ಲಿ ಟಿಣ್ ಅನ್ನುತ್ತಿರಬಹುದು. ಅವನು ಸಜ್ಜನನಾಗಿದ್ದರೆ ಅಳಿಸಿ ಸುಮ್ಮನಾಗುತ್ತಾನೆ. ಅಲ್ಲದಿದ್ದರೆ ಓಟಿಪಿಯೂ ಅವನಿಗೇ ಹೋಗುತ್ತದೆ.

ಮಕ್ಕಳೆಲ್ಲ ಬೆಂಗಳೂರು ಸೇರಿ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದ ಊರುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ? ಹಬ್ಬಕ್ಕೆ ಊರಿಗೆ ಬರುವ ಮಕ್ಕಳು ಮಾಡಬೇಕಾದ ಮೊದಲ ಕೆಲಸ ಇದು. ಅಪ್ಪ ಅಮ್ಮನ ಬ್ಯಾಂಕ್ ಖಾತೆಯಲ್ಲಿ, ಆಧಾರ್‌ನಲ್ಲಿ ಯಾವ ನಂಬರ್ ಇದೆ ನೋಡಿ, ಈಗ ಅವರ ಕೈಯಲ್ಲಿರುವ ನಂಬರ್ ಹಾಕಿಸುವುದು. ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಿಸಲು ಪೇಟೆಗೇ ಹೋಗಬೇಕೆಂದಿಲ್ಲ, ಅಂಚೆ ಪೇಮೆಂಟ್ಸ್ ಬ್ಯಾಂಕಿನ ಕೆಲಸ ಮಾಡುವ ಪೋಸ್ಟ್‌ಮನ್ ಮನೆ ಬಾಗಿಲಲ್ಲೇ ಮಾಡಿಕೊಡುವ ವ್ಯವಸ್ಥೆ 2021ರಿಂದ ಇದೆ.

ನಂಬರ್ ಸರಿ ಇದ್ದರೂ ನೆಟ್‌ವರ್ಕ್ ಬೇಕಲ್ಲ? ಸಿಮ್ ಕದಿಯುವವರು ನಿಮ್ಮ ಹೆಸರಲ್ಲಿ ನಕಲಿ ಸಿಮ್ ಪಡೆದರೆ ನಿಮ್ಮ ಮೊಬೈಲಿನ ಸಿಗ್ನಲ್ ಇದ್ದಕ್ಕಿದ್ದ ಹಾಗೆ ಹೋಗುತ್ತದೆ, ಆಗಲೇ ಎಚ್ಚರಾಗಬೇಕು ಅಂತ ಎಲ್ಲ ಸಲಹೆ ಪಟ್ಟಿಗಳಲ್ಲೂ ಇರುತ್ತದೆ. ಬೆಂಗಳೂರಿನವರಿಗೆ ಸರಿ. ಘಟ್ಟದ ಕೊಳ್ಳದಲ್ಲಿ ಮನೆ ಇರುವವರಿಗೆ ಸಿಗ್ನಲ್ ಬಂದರೇ ಅನುಮಾನ ಬರುವ ಪರಿಸ್ಥಿತಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಲಗಿದರೆ ಎರಡು ದಿನ ಯಾರೂ ಕೇಳುವುದಿಲ್ಲ. ಹಾಗಾಗಿ ನಮಗೆ ಮೆಸೇಜಿಗಿಂತ ಪಾಸ್‌ಬುಕ್ಕೇ ಗಟ್ಟಿ. ತಿಂಗಳಿಗೊಮ್ಮೆ ಪ್ರಿಂಟ್ ಹಾಕಿಸುವ ಹಳೆಯ ಅಭ್ಯಾಸ ಬಿಡಬಾರದು. ಹಾಗೆಯೇ ಅಡಿಕೆ ಮಾರಿದ ದುಡ್ಡು ಬಂದ ವಾರದಲ್ಲಿ ಅದನ್ನು ಉಳಿತಾಯ ಖಾತೆಯಲ್ಲಿ ಹಾಗೇ ಬಿಡುವ ಬದಲು ಒಂದಷ್ಟನ್ನು ಎಫ್‌ಡಿ ಮಾಡಿಸಿದರೆ, ಹೆಬ್ಬೆಟ್ಟಿನಿಂದ ಅದನ್ನು ಎತ್ತಲು ಬರುವುದಿಲ್ಲ.

ಈ ಮೆಸೇಜಿನ ಮಾತು ಕಾನೂನಿನಲ್ಲೂ ದೊಡ್ಡದೇ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವನಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಜನಧನದಂಥ ಮೂಲ ಉಳಿತಾಯ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿವರೆಗೆ ನಮ್ಮ ಪಾಲಿನ ಹೊಣೆ. ಅದರಾಚೆಗೆ ಆಯಾ ಬ್ಯಾಂಕಿನ ನೀತಿ. ಆದರೆ ಈ ದಿನಗಳ ಲೆಕ್ಕ ಶುರುವಾಗುವುದು ಬ್ಯಾಂಕಿನ ಮಾಹಿತಿ ಗ್ರಾಹಕನಿಗೆ ತಲುಪಿದಾಗಿನಿಂದ. ತಪ್ಪು ಗ್ರಾಹಕನದು ಅಂತ ಸಾಬೀತು ಮಾಡುವ ಹೊರೆಯೂ ಬ್ಯಾಂಕಿನದೇ. ಹನ್ನೊಂದು ದಿನ ಆಯಿತಲ್ಲ, ಇನ್ನೇನೂ ಆಗದು ಅಂತ ಕೌಂಟರಿನಲ್ಲಿ ಮೊದಲು ಹೇಳಿದರು. ನಂಬರ್ ಬದಲಿಸದೆ ಇದ್ದದ್ದು ನಮ್ಮದೂ ತಪ್ಪೇ, ಅದನ್ನು ಒಪ್ಪಿಕೊಂಡೆವು. ಆದರೆ ದೊಡ್ಡಾಯಿಗೆ ವಿಷಯ ತಿಳಿದದ್ದೇ ಪಾಸ್‌ಬುಕ್ ನೋಡಿದ ದಿನ ಅಂತ ಬರೆದು ಕೊಟ್ಟು, ಅದರ ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದೆವು. ನಾಲ್ಕು ತಿಂಗಳ ಓಡಾಟದ ಮೇಲೆ ದುಡ್ಡು ಬಂತು. ಬಾಯಿಮಾತಿನ ದೂರಾಗಿದ್ದರೆ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಓಟಿಪಿಯನ್ನೋ ಪಿನ್ನನ್ನೋ ನಾವೇ ಹೇಳಿದ್ದರೆ ಕತೆ ಬೇರೆ. ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಮ್ಮದು.

ಹಣಕ್ಕಿಂತ ಹೆಸರು ಕದಿಯುವುದು ಇನ್ನೂ ಸದ್ದಿಲ್ಲದ ಕೆಲಸ. ಸಿಮ್ ಕೊಳ್ಳುವಾಗ ‘ಸರ್ವರ್ ಎಳೀತಿಲ್ಲ, ಇನ್ನೊಂದ್ಸಲ ಥಂಬ್ ಕೊಡಿ’ ಅಂದರೆ ನಾವು ಕೊಡುತ್ತೇವೆ. ಬಹುತೇಕ ಸಲ ಸರ್ವರ್ ನಿಜವಾಗಿಯೂ ಎಳೆಯುತ್ತಿರುವುದಿಲ್ಲ, ನಮ್ಮ ಊರಿನಲ್ಲಂತೂ. ಆದರೆ ಆ ಎರಡನೇ ಥಂಬಿನಲ್ಲಿ ನಿಮ್ಮ ಹೆಸರಿಗೆ ಇನ್ನೊಂದು ಸಿಮ್ ಹುಟ್ಟಿಸಿ ವಂಚಕರಿಗೆ ಮಾರಿದ ಪ್ರಕರಣಗಳೂ ದೇಶದಲ್ಲಿ ಸಿಕ್ಕಿವೆ. ಆ ಸಿಮ್ಮಿನಿಂದ ಪೊಲೀಸರ ಸೋಗಿನಲ್ಲಿ ಯಾರನ್ನೋ ಹೆದರಿಸಿ ‘ಡಿಜಿಟಲ್ ಅರೆಸ್ಟ್’ ಮಾಡಿದರೆ ಪೊಲೀಸರು ಮೊದಲು ತಟ್ಟುವುದು ನಿಮ್ಮ ಬಾಗಿಲು. ಒಬ್ಬರ ಹೆಸರಲ್ಲಿ ನಮ್ಮ ರಾಜ್ಯದಲ್ಲಿ 9 ಸಿಮ್‌ವರೆಗೆ ಇರಬಹುದು. ನಿಮ್ಮ ಹೆಸರಲ್ಲಿ ಎಷ್ಟಿವೆ ಅಂತ ಕೇಂದ್ರದ ಸಂಚಾರ್ ಸಾಥಿ ಜಾಲತಾಣದಲ್ಲಿ ಮೊಬೈಲ್ ನಂಬರ್, ಓಟಿಪಿ ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. 2023ರ ಮೇ ತಿಂಗಳಿನಿಂದ ಇದು ನಡೆಯುತ್ತಿದೆ. ಪಟ್ಟಿಯಲ್ಲಿ ಅಪರಿಚಿತ ನಂಬರ್ ಕಂಡರೆ ‘ಇದು ನನ್ನದಲ್ಲ’ ಅಂತ ಗುರುತು ಹಾಕಿ. ನಾನು ನೋಡಿದಾಗ ನನ್ನ ಹೆಸರಿನಲ್ಲಿ ನಾಲ್ಕಿದ್ದವು. ಎರಡು ನನ್ನವು, ಒಂದು ಅಪ್ಪನದು. ನಾಲ್ಕನೆಯದು ಕಾಲೇಜು ದಿನಗಳಲ್ಲಿ ಗೆಳೆಯನಿಗೆ ಕೊಡಿಸಿದ್ದು ಅಂತ ನೆನಪಾಗಲು ಅರ್ಧ ದಿನ ಹಿಡಿಯಿತು!

ಸಾಲದ್ದೂ ಇದೇ ಕತೆ. ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಆ್ಯಪ್‌ನಲ್ಲಿ ಸಾಲ ಎತ್ತಿದರೆ ನಿಮಗೆ ಗೊತ್ತಾಗುವುದು ಬೆಳೆಸಾಲಕ್ಕೋ ಮನೆಸಾಲಕ್ಕೋ ಹೋಗಿ ‘ನಿಮ್ಮ ಸಿಬಿಲ್ ಸರಿ ಇಲ್ಲ’ ಅನ್ನಿಸಿಕೊಂಡ ದಿನ. ಸಿಬಿಲ್ ಒಂದೇ ಅಲ್ಲ, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಸೇರಿ ನಮ್ಮ ಸಾಲದ ಚರಿತ್ರೆ ಬರೆದಿಡುವ ಇಂಥ ಕಂಪನಿಗಳು ನಾಲ್ಕಿವೆ. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡುವುದು ನಾಲ್ಕಕ್ಕೂ ಕಡ್ಡಾಯ. ಮೂರು ತಿಂಗಳಿಗೆ ಒಂದರಂತೆ ತರಿಸಿದರೆ ವರ್ಷವಿಡೀ ಕಾವಲು ಕಾದ ಹಾಗೆ. ತಪ್ಪು ಕಂಡು ದೂರು ಕೊಟ್ಟ ಮೇಲೆ 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಆದಾಯ ತೆರಿಗೆ ಜಾಲತಾಣದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನೀವು ಮಾಡದ ವ್ಯವಹಾರ ಕಂಡರೆ ಅದೂ ಪ್ಯಾನ್ ಕೈತಪ್ಪಿದ ಲಕ್ಷಣ.

ಕದಿಯದೆಯೇ ಗುರುತು ಕೊಟ್ಟುಬಿಡುವವರೂ ಇದ್ದಾರೆ. ‘ನಿನ್ನ ಖಾತೆ ಒಂದು ತಿಂಗಳು ಬಳಸ್ತೇವೆ, ಐದು ಸಾವಿರ ಕೊಡ್ತೇವೆ’ ಅನ್ನುವವರ ಮಾತಿಗೆ ಕಾಲೇಜು ಹುಡುಗರು ಬೀಳುತ್ತಾರೆ. ಆ ಖಾತೆಗೆ ಬರುವುದು ಇನ್ಯಾರೋ ದೊಡ್ಡಾಯಿಯ ದುಡ್ಡು.

ಆಗಬಾರದ್ದು ಆಗಿಹೋದರೆ? ಮೊದಲ ಫೋನ್ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಬ್ಯಾಂಕಿಗೆ ಎರಡನೆಯದು. ಬೇಗ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆಮೇಲೆ ಪೊಲೀಸ್ ದೂರು. ಇಲ್ಲೊಂದು ತೊಡಕಿದೆ. ಗುರುತಿನ ಕಳ್ಳತನಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇದೆ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೆ ಅದೇ ಕಾಯ್ದೆಯ 78ನೇ ಕಲಮಿನ ಪ್ರಕಾರ ತನಿಖೆ ಮಾಡುವವರು ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆ ಇರುವಂತಿಲ್ಲ. ಅದಕ್ಕೇ ಸಣ್ಣ ಠಾಣೆಗೆ ಹೋದರೆ ‘ಕಾರವಾರದ ಸೆನ್ ಠಾಣೆಗೆ ಹೋಗಿ’ ಅನ್ನುವ ಮಾತು ಬರಬಹುದು. ಸೆನ್ ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆ. ದೇವಿಮನೆ ಘಟ್ಟ ಇಳಿದು, ಕುಮಟಾ ಅಂಕೋಲಾ ದಾಟಿ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಎರಡೂವರೆ ಸಾವಿರ ಕಳೆದುಕೊಂಡವರು ಅಲ್ಲಿಗೇ ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು, ಮುಂದೆ ಕಳಿಸುವ ಕೆಲಸ ಪೊಲೀಸರದು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಮನೆಯಿಂದಲೂ ದೂರು ಕೊಡಬಹುದು. ನೆಟ್‌ವರ್ಕ್ ಇದ್ದರೆ ಅನ್ನಿ.

ಈಗ ಆ ಮದ್ದಿನ ವಿಷಯ. ಆಧಾರ್‌ನ ಬೆರಳಚ್ಚಿಗೆ ನಾವೇ ಬೀಗ ಹಾಕಬಹುದು. ಪ್ರಾಧಿಕಾರದ ಆಧಾರ್ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ‘ಬಯೋಮೆಟ್ರಿಕ್ ಲಾಕ್’ ಅಂತ ಇರುತ್ತದೆ, ಖರ್ಚಿಲ್ಲ. ಬೀಗ ಹಾಕಿದ ಮೇಲೆ ನಕಲಿ ಬೆರಳು ಇಟ್ಟರೂ ಯಂತ್ರ ಒಪ್ಪುವುದಿಲ್ಲ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ, ಯಾವ ಬಗೆಯಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ನನ್ನ ಮಟ್ಟಿಗೆ ಇಷ್ಟು ಹೊತ್ತು ಹೇಳಿದ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ತಕರಾರು ಏನೆಂದರೆ, ಅಸಲಿ ಬೆರಳು ಇಟ್ಟರೂ ಒಪ್ಪುವುದಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ದೊಡ್ಡಾಯಿಯೂ ಕಳ್ಳಿಯೇ. ನೌಕರಿಯವರಿಗೆ ಇದು ತೊಂದರೆಯಲ್ಲ, ಅವರು ಥಂಬ್ ಕೊಡುವುದು ವರ್ಷಕ್ಕೊಮ್ಮೆ. ತಿಂಗಳು ತಿಂಗಳು ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕಾದವರಿಗೆ, ಅಂದರೆ ಈ ಬೀಗ ಯಾರಿಗೆ ಜಾಸ್ತಿ ಬೇಕೋ ಅವರಿಗೇ, ಇದು ಪೀಕಲಾಟ. ತಾತ್ಕಾಲಿಕವಾಗಿ ಬೀಗ ತೆಗೆದರೆ ಹತ್ತು ನಿಮಿಷ ತೆರೆದಿರುತ್ತದೆ, ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಸರದಿ ಬರಬೇಕು, ಸರ್ವರ್ ಎಳೆಯಬೇಕು.

ನಾವು ಒಂದು ದಾರಿ ಮಾಡಿಕೊಂಡಿದ್ದೇವೆ. ದೊಡ್ಡಾಯಿ ರೇಷನ್ ಅಂಗಡಿ ಮುಂದೆ ಸಾಲಿನಲ್ಲಿ ನಿಂತು, ತನ್ನ ಮುಂದೆ ಇಬ್ಬರು ಉಳಿದಾಗ ನನಗೆ ಫೋನ್ ಮಾಡುತ್ತಾಳೆ. ನಾನು ಕಾರವಾರದಲ್ಲಿ ಆಫೀಸಿನಲ್ಲೇ ಕೂತು ಜಾಲತಾಣ ತೆರೆಯುತ್ತೇನೆ. ಓಟಿಪಿ ಅವಳ ಮೊಬೈಲಿಗೆ ಹೋಗುತ್ತದೆ, ಈಗ ಅದು ಅವಳದೇ ನಂಬರ್. ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಅಂಕಿ ಓದಿ ಹೇಳಬೇಕು. ಮೊದಲ ತಿಂಗಳು ನಾನು ಓಟಿಪಿ ಕೇಳಿದಾಗ ಆ ಕಡೆಯಿಂದ ಮಾತೇ ಇಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದಳು, ‘ಓಟಿಪಿ ಯಾರಿಗೂ ಹೇಳಡ ಅಂದವ ನೀನೇ ಅಲ್ದಾ ತಮಾ?’